ಮಗಳ ಚುಕ್ಕೆ, ಅಪ್ಪನ ರಜೆ

ಸೋಮವಾರ ಬೆಳಿಗ್ಗೆ ಐದು ವರ್ಷದ ತೃಷಾಳ ಹೊಟ್ಟೆಯ ಮೇಲೆ ಒಂದು ಕೆಂಪು ಚುಕ್ಕೆ ಎದ್ದಿತು. ಚಹಾ ಕುಡಿದು ಮುಗಿಯುವಷ್ಟರಲ್ಲಿ ಚುಕ್ಕೆಗಳು ಹನ್ನೊಂದಾಗಿದ್ದವು.

“ಚಿಕನ್‌ಪಾಕ್ಸೇ ಇದು,” ಎಂದಳು ಅವಳ ಅಮ್ಮ ನಳಿನಾಕ್ಷಿ, ಗಂಡನ ಕಡೆ ತಿರುಗಿ. “ಹೆರಿಗೆಗೆ ಮೂರು ತಿಂಗಳು ಕೊಟ್ಟದ್ದನ್ನು ನಮ್ಮ ಶಾಲೆಯ ಹೆಡ್‌ಮಿಸ್ ಇವತ್ತಿಗೂ ಹಾಡ್ತಾ ಇದ್ದಾರೆ. ಉಳಿದ ರಜೆ ಇವಳ ಕಿವಿನೋವಿಗೇ ಹೋಯ್ತು. ಈ ಸಲ ನೀವು ಹಾಕಿ.”

ಹೇಳುವುದು ಸುಲಭ! ಲತೇಶ ಕಳಂಬೋಲಿಯ ಕಬ್ಬಿಣದ ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಗುಮಾಸ್ತ. ಸಂಬಳದ ಸಿಕ್ ಲೀವ್ ಏಳು ದಿನ ಇತ್ತು, ಆದರೆ ಸ್ವಂತ ಕಾಯಿಲೆಗೆ ಮಾತ್ರ. ಹೋದ ವರ್ಷ ಮಗಳ ಜ್ವರಕ್ಕೆಂದು ಕೇಳಿದ್ದಕ್ಕೆ ತನ್ನಂತೆಯೇ ಉಡುಪಿಯಿಂದ ಬಂದಿದ್ದ ಮ್ಯಾನೇಜರ್ ಯಜ್ಞೇಶ್ವರ ರಾಯರು, “ಮಗಳಿಗೆ ಜ್ವರ ಬಂದ್ರೆ ಮಗಳು ರಜೆ ಹಾಕ್ಲಿ ಮಾರಾಯ,” ಅಂದಿದ್ದರು.

ಲತೇಶ ಫೋನೆತ್ತಿ ನರಳಿದ. “ಸರ್, ನನಗೆ ಚಿಕನ್‌ಪಾಕ್ಸ್.”

“ಅಯ್ಯಯ್ಯೋ! ಏಳು ದಿನ ಈ ಕಡೆ ತಲೆ ಹಾಕ್ಬೇಡ. ಸಂಜೆ ನಾನೇ ನೋಡ್ಲಿಕ್ಕೆ ಬರ್ತೇನೆ. ನನಗೆ ಚಿಕ್ಕಂದಿನಲ್ಲೇ ಆಗಿ ಹೋಗಿದೆ, ಹೆದರಿಕೆ ಇಲ್ಲ.”

ಊರಿನವರ ಈ ಪ್ರೀತಿಗೆ ಬೆಂಕಿ ಬೀಳಲಿ! ಪಕ್ಕದ ಮನೆಯ ಚಂದ್ರಬಾಯಿ ಅಷ್ಟರಲ್ಲೇ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ, ಅವರಿದ್ದ ಕಾಮೋಠೆಯ ಕಟ್ಟಡದ ನಾಲ್ಕು ಮಾಳಿಗೆಗೂ ಡಂಗುರ ಸಾರಿ ಬಂದಿದ್ದಳು.

ಸಂಜೆ ನಳಿನಾಕ್ಷಿ ಮಗಳನ್ನು ಅಡುಗೆಮನೆಗೆ ಸೇರಿಸಿ, ಗಂಡನ ಮುಖದ ತುಂಬ ಲಿಪ್‌ಸ್ಟಿಕ್ಕಿನ ಚುಕ್ಕೆ ಇಟ್ಟಳು. ರಾಯರು ಎಳನೀರು ಹಿಡಿದು ಬಂದವರೇ ಮೂಗು ಮುಚ್ಚಿಕೊಂಡರು.

“ಎಂತ ಇದು? ಅಮ್ಮ ಬಂದ ಮನೆಯಲ್ಲಿ ಮೀನಾ?”

ಕಾವಲಿಯ ಮೇಲಿದ್ದ ಐದು ಬಂಗುಡೆ ಚಂದ್ರಬಾಯಿಯ ಮನೆ ಸೇರಿದವು. ಲತೇಶನಿಗೆ ಉಪ್ಪಿಲ್ಲದ ಗಂಜಿ ಬಂತು. ರಾಯರು ಎದುರೇ ಕೂತು ಬಟ್ಟಲು ಖಾಲಿ ಮಾಡಿಸಿದರು. ಹೊದಿಕೆಯೊಳಗೆ ಅವನು ಬೆವರಿದ, ಚುಕ್ಕೆಗಳು ಗಲ್ಲಕ್ಕೆ ಇಳಿಯತೊಡಗಿದವು.

“ಪಾಪ, ಎಷ್ಟು ಜ್ವರ!” ರಾಯರು ತಮ್ಮ ಬಿಳಿ ಕರ್ಚೀಫಿನಿಂದ ಅವನ ಹಣೆ ಒರೆಸಿದರು. ಲತೇಶ ಕಣ್ಣು ಮುಚ್ಚಿ ಕುಲದೇವರನ್ನು ನೆನೆದ.

ಅಷ್ಟರಲ್ಲಿ ತೃಷಾ ಓಡಿ ಬಂದಳು. “ಪಪ್ಪಾ, ಬಹುತ್ ಖುಜ್ಲಿ ಹೋ ರಹೀ ಹೈ!” ಎಂದು ಅಂಗಿ ಎತ್ತಿ ಮೈ ತುರಿಸಿಕೊಂಡಳು.

ರಾಯರು ಅವಳನ್ನು ನೋಡಿದರು, ಅಪ್ಪನನ್ನು ನೋಡಿದರು. “ಸಣ್ಣ ಮಗುವಿಗೂ ಅಂಟಿಸಿದ್ದೀಯಲ್ಲ! ನಾಚಿಕೆ ಆಗ್ಬೇಕು ನಿನಗೆ,” ಎಂದು ಗದರಿ, ಕರ್ಚೀಫು ಮಡಚಿ ಜೇಬಿಗಿಟ್ಟು ಹೊರಟರು. ಏಳು ದಿನವೂ ಪೂರ್ತಿ ಸಂಬಳ ಮಂಜೂರಾಯಿತು. ತನ್ನ ಜಾಣತನಕ್ಕೆ ಲತೇಶ ತಾನೇ ಬೆನ್ನು ತಟ್ಟಿಕೊಂಡ.

ಎರಡು ವಾರ ಕಳೆದು ಮತ್ತೊಂದು ಸೋಮವಾರ. ಗಡ್ಡ ಕೆರೆಯುವಾಗ ಅವನ ಕೆನ್ನೆಯ ಮೇಲೊಂದು ಕೆಂಪು ಚುಕ್ಕೆ ಕಂಡಿತು. ಮೈ ಕೆಂಡದಂತೆ ಸುಡುತ್ತಿತ್ತು. ಕೂಡಲೇ ಫೋನೆತ್ತಿದ. “ಸರ್, ದೇವರಾಣೆ, ನನಗೆ ಚಿಕನ್‌ಪಾಕ್ಸ್!”

ರಾಯರು ಮನಸಾರೆ ನಕ್ಕರು. “ಅದು ಜನ್ಮಕ್ಕೆ ಒಂದೇ ಸಲ ಬರುವುದಲ್ವಾ ಮಾರಾಯ? ನಿನ್ನದು ರಿಜಿಸ್ಟರಿನಲ್ಲಿ ಆಗಿ ಹೋಗಿದೆ. ಆ ಏಳು ದಿನ ನಾನು ಕೊಟ್ಟದ್ದು ಮಗುವಿನ ಮೋರೆ ನೋಡಿ. ನನ್ನ ಕರ್ಚೀಫಿನ ಲಿಪ್‌ಸ್ಟಿಕ್ ಇನ್ನೂ ಹೋಗಿಲ್ಲ. ಮುಖ ತೊಳ್ಕೊಂಡು ಆಫೀಸಿಗೆ ಬಾ.”

ಲತೇಶ ಕನ್ನಡಿಯ ಮುಂದೆ ನಿಂತು ಸೋಪು ಹಾಕಿ ಗಸಗಸ ಉಜ್ಜಿದ. ಚುಕ್ಕೆ ಹೋಗಲಿಲ್ಲ, ಪಕ್ಕದಲ್ಲಿ ಇನ್ನೆರಡು ಎದ್ದಿದ್ದವು.