ಗಾಳಿ ಫೋನು, ತಂತಿ ಫೋನು, ನಮ್ಮೂರ ಮರ್ಯಾದೆ

ನರ್ಸಮ್ಮನ ಕೆಲಸ ಅಂದರೆ ಸೂಜಿ, ಮಾತ್ರೆ, ಹೆರಿಗೆ ಅಷ್ಟೇ ಅಂದುಕೊಂಡವರು ತೊಂಬತ್ತರ ದಶಕದಲ್ಲಿ ಒಂದು ವರ್ಷ ನನ್ನ ಜೊತೆ ಓಡಾಡಬೇಕಿತ್ತು. ಆ ವರ್ಷ ನಾನು ಒಂದು ತಂತಿಗೋಸ್ಕರ ಜಗಳಕ್ಕೆ ಬಿದ್ದೆ. ಆ ಜಗಳದಲ್ಲಿ ವಾರಕ್ಕೊಂದಾದರೂ ಪೇಚಾಟ ಆಗದೆ ಇದ್ದದ್ದೇ ಇಲ್ಲ. ಈಗ ನೆನೆಸಿಕೊಂಡರೆ ಒಬ್ಬಳೇ ಕೂತು ನಗುತ್ತೇನೆ.

ನಾನು ಶ್ರೀರಂಗಪಟ್ಟಣದ ಗಂಜಾಂನವಳು. ಹೊಳೆ ದಂಡೆಯಲ್ಲಿ ಬೆಳೆದವಳನ್ನು ತಂದು ಕೆ.ಆರ್.ಪೇಟೆ ತಾಲ್ಲೂಕಿನಲ್ಲಿ, ಸಂತೆಬಾಚಹಳ್ಳಿಯಿಂದ ಇನ್ನೂ ಮೂರು ಮೈಲಿ ಒಳಗಿರುವ ಊರಿಗೆ ಹಾಕಿದರು. ಊರು ಒಳ್ಳೆಯದೇ. ಜನ ಇನ್ನೂ ಒಳ್ಳೆಯವರು. ತೊಂದರೆ ಕೊಟ್ಟಿದ್ದು ಫೋನು ಒಂದೇ.

೧. ಮೋಡ ಬಂದರೆ ಫೋನಿಗೆ ರಜಾ

ಊರಿಗೆಲ್ಲ ಇದ್ದದ್ದು ಒಂದೇ ಫೋನು, ಪಂಚಾಯ್ತಿ ಮೆಂಬರ ಮನೆ ಜಗುಲಿಯಲ್ಲಿ. ಅದಕ್ಕೆ ತಂತಿ ಇರಲಿಲ್ಲ. ಮೆಂಬರ ತಾರಸಿ ಮೇಲೆ ಒಂದು ಉದ್ದನೆಯ ಕಬ್ಬಿಣದ ಕಂಬ, ಅದರ ತುದಿಗೆ ಮೀನಿನ ಮುಳ್ಳಿನಂಥ ಆಂಟೆನಾ, ಪಕ್ಕದಲ್ಲಿ ಬಿಸಿಲಿನಿಂದ ಕರೆಂಟು ಮಾಡುವ ಹಲಗೆ, ಕೆಳಗೊಂದು ಬ್ಯಾಟರಿ. ಊರವರು ಅದಕ್ಕೆ ಗಾಳಿ ಫೋನು ಅಂತ ಹೆಸರಿಟ್ಟಿದ್ದರು. ಬಿಸಿಲಿದ್ದರೆ ಮಾತಾಡುತ್ತಿತ್ತು. ಎರಡು ದಿನ ಮೋಡ ಮುಚ್ಚಿದರೆ ಪಿಟಿಕ್ಕೆನ್ನುತ್ತಿರಲಿಲ್ಲ.

ಅಂಥದೊಂದು ಮಳೆಯಲ್ಲೇ ಕೋಳಿ ಸಾಕುವ ಅಜ್ಜಿಯ ಮೊಮ್ಮಗನ ಹೆಂಡತಿಗೆ ಮೊದಲನೇ ಹೆರಿಗೆ ನೋವು ಬಂತು. ಆಸ್ಪತ್ರೆ ಜೀಪು ಕರೆಯೋಣ ಅಂತ ಓಡಿದೆ. ಫೋನು ಸತ್ತಿತ್ತು. ಕೊನೆಗೆ ಟ್ರಾಕ್ಟರಿನ ಟ್ರೈಲರಿಗೆ ಹುಲ್ಲು ಹಾಸಿ, ಛತ್ರಿ ಹಿಡಿದು ಹೊರಟೆವು. ಅರ್ಧ ದಾರಿಯಲ್ಲೇ ಮಗು ಆಯಿತು. ಗಂಡು ಮಗು, ಗುಂಡಗಿದ್ದ. ಆದರೆ ಆ ಹುಡುಗಿಗೆ ವಿಪರೀತ ರಕ್ತ ಹೋಯಿತು. ಉಳಿದಿದ್ದೇ ಹೆಚ್ಚು. 'ಮುಂದಿನ ಹೆರಿಗೆ ಆಸ್ಪತ್ರೆಯಲ್ಲೇ ಆಗಬೇಕು, ದಾರಿಯಲ್ಲಾದರೆ ನಾನು ಏನೂ ಹೇಳಲಾರೆ' ಅಂದರು ಆಸ್ಪತ್ರೆ ಡಾಕ್ಟರು.

ಮಗುವನ್ನು ಊರವರು ಟ್ರಾಕ್ಟರು ಅಂತಲೇ ಕರೆಯೋಕೆ ಶುರುಮಾಡಿದರು. ಎರಡು ವರ್ಷಕ್ಕೆ ಹುಡುಗಿ ಮತ್ತೆ ಬಸುರಿಯಾದಳು. ಲೆಕ್ಕ ಹಾಕಿದರೆ ದಿನ ತುಂಬುವುದು ಸರಿಯಾಗಿ ಮಳೆಗಾಲದಲ್ಲಿ. ನಾನು ಅಜ್ಜಿಯನ್ನು ಕೂರಿಸಿಕೊಂಡು, 'ಅಜ್ಜಿ, ಅಷ್ಟರೊಳಗೆ ಈ ಊರಿಗೆ ತಂತಿ ಫೋನು ಬರಬೇಕು. ಇಲ್ಲದಿದ್ದರೆ ಮತ್ತೆ ಅದೇ ಟ್ರಾಕ್ಟರೇ ಗತಿ' ಅಂದೆ.

ಅಜ್ಜಿ ಎಲೆಅಡಿಕೆ ಮೆಲ್ಲುತ್ತಾ, 'ಅದ್ಕ್ಯಾಕವ್ವ ಅಷ್ಟೊಂದ್ ಯೋಚ್ನೆ? ಇದ್ಕೆ ಟ್ರೈಲರು ಅಂತ ಎಸ್ರಿಟ್ರಾಯ್ತು ಬುಡು' ಅಂತು.

೨. ಮೊಟ್ಟೆ ಇಡದ ಕೋಳಿಗಳು

ತಂತಿ ಫೋನಿಗೆ ಅರ್ಜಿ ಹಾಕುತ್ತೇನೆ ಅಂದಾಗ ನನ್ನ ಕಡೆಗೆ ಮೊದಲು ಬಂದದ್ದೂ ಅಜ್ಜಿಯೇ. ಮೊಮ್ಮಗನ ಹೆಂಡತಿಗೋಸ್ಕರ ಅಂದುಕೊಂಡೆ. ಅಲ್ಲ, ಕೋಳಿಗೋಸ್ಕರ.

'ನರ್ಸವ್ವ, ಆ ಕಂಬದಿಂದ ಏನೋ ಅಲೆ ಬತ್ತದಂತೆ. ಅದ್ನ ನಿಲ್ಸಿದ್ಮೇಲೆ ನನ್ ಕೋಳಿಗೋಳು ಒಂದು ಮೊಟ್ಟೆ ಇಕ್ಕಿಲ್ಲ ಕಣವ್ವ. ಅರ್ಜೀಲಿ ಅದ್ನೂ ಬರಿ.'

ನಾನು ಗೊತ್ತಿಲ್ಲದ್ದನ್ನು ಬರೆಯುವವಳಲ್ಲ. ಅಲೆಯಿಂದ ಕೋಳಿಗೆ ಏನಾಗುತ್ತದೋ ನನಗೆ ಗೊತ್ತಿಲ್ಲ, ಗೊತ್ತಿಲ್ಲ ಅಂತಲೇ ಹೇಳಿದೆ. ನನಗೆ ಕಣ್ಣಿಗೆ ಕಾಣುತ್ತಿದ್ದ ಅಪಾಯ ಬೇರೆ. ಆ ಕಂಬ ಬೀಳದ ಹಾಗೆ ಕಟ್ಟಿದ್ದ ತಂತಿಯ ಒಂದು ತುದಿ ಪಕ್ಕದ ಅಂಗನವಾಡಿ ಕಿಟಕಿ ಸರಳಿಗೆ ಸುತ್ತಿತ್ತು, ತುಕ್ಕು ಹಿಡಿದಿತ್ತು. ಗಾಳಿ ಬೀಸಿದರೆ ಕಂಬ ಮಕ್ಕಳ ತಲೆ ಮೇಲಕ್ಕೆ ವಾಲುತ್ತಿತ್ತು. ನಾನು ಕೇಳಿದ್ದು ಎರಡೇ: ತಂತಿ ಫೋನು ಕೊಡಿ, ಈ ಕಂಬವನ್ನು ಮಕ್ಕಳಿಂದ ದೂರ ಇಡಿ.

ಅಜ್ಜಿ ಬಿಡಲಿಲ್ಲ. 'ನೀನೇ ಬಂದು ನೋಡು' ಅಂತ ಕೈ ಹಿಡಿದು ಎಳೆಯಿತು. ಇಬ್ಬರೂ ಮೆಂಬರ ತಾರಸಿ ಹತ್ತಿದೆವು. ಕಂಬದ ಬುಡದಲ್ಲಿ, ಬಿಸಿಲು ಹಲಗೆಯ ಅಡಿಯಲ್ಲಿ, ಬೆಚ್ಚಗೆ ನೆರಳಲ್ಲಿ ಅಜ್ಜಿಯ ನಾಲ್ಕೂ ಕೋಳಿ ಕೂತಿದ್ದವು. ಮೆಂಬರ ಹೆಂಡತಿ ಸೆರಗಿನ ತುಂಬ ಮೊಟ್ಟೆ ತುಂಬಿಕೊಂಡು ನಿಂತಿದ್ದರು.

ನಮ್ಮನ್ನು ನೋಡಿ ಆಯಮ್ಮ ಗಾಬರಿಯಾಗದೆ, 'ಆ ಅಲೆ ಮ್ಯಾಲೇ ಬಂದ್ವು ಕಣಜ್ಜಿ' ಅಂದರು.

೩. ಮೊದಲನೇ ಸಹಿ

ಅರ್ಜಿ ಬರೆದೆ. ಸಹಿ ಹಾಕಿಸಬೇಕು. ಮೆಂಬರು ವಿರೋಧ. ಇರದೆ ಏನು? ಆ ಫೋನನ್ನು ಮರದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಬೀಗದಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡಿದ್ದರು. ಯಾರಾದರೂ ಫೋನು ಮಾಡಲು ಬಂದರೆ ಮುಖ ತೊಳೆದು, ತಲೆ ಬಾಚಿ ಆಮೇಲೆ ಪೆಟ್ಟಿಗೆ ತೆಗೆಯುವರು.

'ಅಲ್ಲ ನರ್ಸಮ್ಮ, ಪ್ರಪಂಚವೇ ತಂತಿ ಬುಟ್ಟು ಗಾಳೀಲಿ ಮಾತಾಡ್ತಾ ಅದೆ. ನೀವು ಇಂದಕ್ ಓಗಿ ತಂತಿ ಬೇಕು ಅಂತೀರಲ್ಲ, ಓದಿರೋರು!' ಅಂದರು.

'ಪಾಂಡವಪುರದ ನಿಮ್ಮ ಬಾಮೈದ ಟೀವಿಗೆ ಆಂಟೆನಾ ಕಿತ್ತುಹಾಕಿ ಕೇಬಲ್ ಹಾಕಿಸಿದನಂತಲ್ಲ, ಯಾಕೆ?'

'ಆಂಟೆನಾದಲ್ಲಿ ಬರೀ ಚುಕ್ಕಿ ಚುಕ್ಕಿ ಬರೋದು. ಕೇಬಲ್ಲಾದ್ರೆ ನೀಟಾಗಿ...' ಅಂದವರು ಅಲ್ಲಿಗೇ ನಿಲ್ಲಿಸಿ, ಬಾಯಿ ಒರೆಸಿಕೊಂಡು ಒಳಗೆ ಹೋದರು.

ನಾನೂ ಗಂಜಾಂನವಳೇ, ಬಿಡುತ್ತೇನೆಯೇ? ಮನೆಮನೆ ತಿರುಗಿದೆ. ಸಂಜೆಗೆ ಅರ್ಜಿಯನ್ನು ಅರಳಿಕಟ್ಟೆ ಮೇಲೆ ಹರಡಿಕೊಂಡು ಎಣಿಸುತ್ತಿದ್ದೆ. ಮೆಂಬರು ಆ ಕಡೆ ಈ ಕಡೆ ನಾಲ್ಕು ಸಲ ಓಡಾಡಿ, ಕೊನೆಗೆ ಬಗ್ಗಿ ನೋಡಿದರು. ಎಲ್ಲಕ್ಕಿಂತ ಮೇಲೆ ಅಜ್ಜಿಯ ಹೆಬ್ಬೆಟ್ಟಿತ್ತು.

ಮೆಂಬರ ಮುಖ ಕೆಂಪಗಾಯಿತು. 'ಇದ್ಯಾವ ನ್ಯಾಯ? ಊರ ಕಾಗದದಲ್ಲಿ ಮೊದ್ಲನೇ ಎಸ್ರು ನಮ್ ತಾತನ ಕಾಲದಿಂದ್ಲೂ ನಮ್ಮನೇದು. ಕೋಳಿ ಅಜ್ಜಿ ಹೆಬ್ಬೆಟ್ಟು ನಮ್ಮ ಮೇಲಾ? ಕೊಡಿ ಪೆನ್ನು!'

ತಮ್ಮ ಫೋನಿನ ವಿರುದ್ಧದ ಅರ್ಜಿಗೆ, ಅಜ್ಜಿಯ ಹೆಬ್ಬೆಟ್ಟಿನ ಮೇಲೆ ಇದ್ದ ಚೂರು ಜಾಗದಲ್ಲಿ ತಮ್ಮ ಸಹಿ ತೂರಿಸಿ, ಪಂಚಾಯ್ತಿ ಸೀಲನ್ನೂ ಒತ್ತಿ ಕೊಟ್ಟರು.

೪. ತನಿಖೆಗೆ ಸಿಂಗಾರ

ಅರ್ಜಿ ಎಲ್ಲೆಲ್ಲಿಗೋ ಹೋಗಿ ತಿಂಗಳುಗಟ್ಟಲೆ ಮಲಗಿತು. ನಾನು ವಾರಕ್ಕೊಂದು ಕಾಗದ ಹಾಕಿ ಎಬ್ಬಿಸುತ್ತಲೇ ಇದ್ದೆ. ಹುಡುಗಿಗೆ ಆರು ತಿಂಗಳು ತುಂಬಿತು. ಕೊನೆಗೊಂದು ದಿನ ಉತ್ತರ ಬಂತು: ಇಂಥ ಸೋಮವಾರ ಟೆಲಿಫೋನ್ ಇಲಾಖೆಯ ಇಂಜಿನಿಯರ್ ಸಾಹೇಬರು ಬಂದು, ಫೋನು ನಿಜವಾಗಿಯೂ ಕೆಟ್ಟಿದೆಯೋ ಇಲ್ಲವೋ ಪರೀಕ್ಷೆ ಮಾಡುತ್ತಾರೆ.

ನನಗೆ ಗೆದ್ದಷ್ಟೇ ಖುಷಿ. ಒಂದು ವಾರದಿಂದ ಫೋನು ಸತ್ತೇ ಇತ್ತು. ಊರವರಿಗೆ 'ಸಾಹೇಬರು ಬರ್ತಾರೆ, ನೋಡಿಕೊಳ್ಳಿ' ಅಂತ ಹೇಳಿ ಭಾನುವಾರ ನಾಗಮಂಗಲಕ್ಕೆ ಅಕ್ಕನ ಮನೆಗೆ ಹೋದೆ. ಸೋಮವಾರ ಬೆಳಗ್ಗೆ ಬಸ್ಸಿಳಿದು ಬಂದು ನೋಡಿದರೆ, ಅಯ್ಯೋ ಶಿವನೇ! ಕಂಬಕ್ಕೆ ಹೊಸ ಬಣ್ಣ. ಬುಡಕ್ಕೆ ಬಾಳೆಕಂದು. ಬಿಸಿಲು ಹಲಗೆಯನ್ನು ಹುಣಸೆಹಣ್ಣು ಹಾಕಿ ಉಜ್ಜಿದ್ದಾರೆ. ಫೋನಿಗೆ ಅರಿಶಿನ ಕುಂಕುಮ, ಸೇವಂತಿಗೆ ಹಾರ. ಹಳೇ ಬ್ಯಾಟರಿ ತೆಗೆದು ಊರಿನ ಟ್ರಾಕ್ಟರಿನ ಬ್ಯಾಟರಿ ತಂದಿಟ್ಟಿದ್ದಾರೆ.

ಸಾಹೇಬರು ಬಂದರು, ರಿಸೀವರ್ ಎತ್ತಿದರು, ಮಂಡ್ಯಕ್ಕೆ ಮಾತಾಡಿದರು. ಗಂಟೆ ಬಾರಿಸಿದ ಹಾಗೆ ಕೇಳಿಸಿತು. ಜನ ಚಪ್ಪಾಳೆ ಹೊಡೆದರು! ಸಾಹೇಬರು ನನ್ನ ಕಡೆ ಒಂದು ಸಲ ನೋಡಿ, ರಿಪೋರ್ಟಿನಲ್ಲಿ 'ಫೋನು ಉತ್ತಮವಾಗಿ ಕೆಲಸ ಮಾಡುತ್ತಿದೆ, ತಂತಿಯ ಅಗತ್ಯವಿಲ್ಲ' ಅಂತ ಬರೆದರು.

ನಾನು ಮೆಂಬರನ್ನು ಹಿತ್ತಲಿಗೆ ಕರೆದು ಹಲ್ಲು ಕಡಿದೆ. 'ಏನ್ರೀ ಇದು? ಕೆಟ್ಟಿದೆ ಅಂತ ತೋರಿಸೋಕೆ ಕರೆಸಿದರೆ ರಿಪೇರಿ ಮಾಡಿ ತೋರಿಸ್ತೀರಲ್ಲ!'

'ಮತ್ತೆ? ಪರಸ್ಥಳದೋರ ಮುಂದೆ ನಮ್ಮೂರ ಫೋನು ಮೂಗಿ ಅಂಗೆ ಕೂತಿದ್ರೆ ಮರ್ಯಾದೆ ಉಳೀತದಾ ನರ್ಸಮ್ಮ?'

ನನಗೆ ಅಳು ಬಂತು, ನಿಜವಾಗಿ. ಹುಡುಗಿ ಹೊಟ್ಟೆ ಮೇಲೆ ಕೈ ಇಟ್ಟುಕೊಂಡು ಬಾಗಿಲಲ್ಲಿ ನಿಂತು ನಮ್ಮನ್ನೇ ನೋಡುತ್ತಿದ್ದಳು. 'ಕೇಳಿಸಿಕೊಳ್ಳಿ' ಅಂದೆ. 'ಇನ್ನು ಮೇಲೆ ಯಾವ ಸಾಹೇಬರು ಕೇಳಿದರೂ ಫೋನು ಕೆಟ್ಟಿದೆ ಅನ್ನಬೇಕು. ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಕೆಟ್ಟಿದೆ ಅನ್ನಬೇಕು. ಆಣೆ ಮಾಡಿ.'

ಮೆಂಬರು ಟ್ರಾಕ್ಟರು ಮಗುವಿನ ತಲೆ ಮುಟ್ಟಲು ಹೋದರು. ಅಜ್ಜಿ ಕೈ ತಳ್ಳಿ, 'ನಿನ್ ತಲೇನೇ ಮುಟ್ಕಳ್ಳಲಾ' ಅಂತು.

೫. ಸಾಹೇಬರ ಹಲೋ ಹಲೋ

ಬಂದ ಸಾಹೇಬರನ್ನು ಉಣ್ಣಿಸದೆ ಕಳಿಸುವ ಊರಲ್ಲ ನಮ್ಮದು. ಹನ್ನೊಂದಕ್ಕೇ ಹೊರಟವರನ್ನು 'ಮುದ್ದೆ ಇಳೀತಾ ಅದೆ ಸಾ, ಸಾರು ಕುದೀತಾ ಅದೆ ಸಾ' ಅಂತ ಎರಡು ಗಂಟೆವರೆಗೂ ಕೂರಿಸಿದರು. ಮೊಟ್ಟೆ ತಿಂದು ಸಿಕ್ಕಿಬಿದ್ದ ಮೇಲೆ ಅಜ್ಜಿಯ ಬಾಯಿಗೆ ಹೆದರಿದ್ದ ಮೆಂಬರ ಹೆಂಡತಿ ತಮ್ಮದೇ ಹುಂಜ ಕೊಯ್ಯಿಸಿದ್ದರು. ಅಷ್ಟರಲ್ಲಿ ಟ್ರಾಕ್ಟರಿನವನು ಬಂದು, 'ಪಾಂಡವಪುರಕ್ಕೆ ಕಬ್ಬು ಒಡೀಬೇಕು' ಅಂತ ತನ್ನ ಬ್ಯಾಟರಿ ಬಿಚ್ಚಿಕೊಂಡು ಹೊರಟುಹೋದ.

ಸಾಹೇಬರು ಕೈ ತೊಳೆಯುವಾಗ ಮಳೆ ಹಿಡಿಯಿತು. ಎಂಥಾ ಮಳೆ! ಊರು ದಾಟುವ ಮುಂಚೆಯೇ ಜೀಪು ಕೆಸರಲ್ಲಿ ಹೂತುಕೊಂಡಿತು. ಎಳೆಯೋಣ ಅಂದರೆ ಟ್ರಾಕ್ಟರಿಲ್ಲ. ಸಾಹೇಬರು ನೆನೆದುಕೊಂಡು ವಾಪಸ್ಸು ಬಂದರು. 'ಐದು ಗಂಟೆಗೆ ಮೀಟಿಂಗಿದೆ, ಮೇಲಿನವರಿಗೆ ಒಂದು ಮಾತು ತಿಳಿಸಬೇಕು' ಅಂತ ಫೋನೆತ್ತಿದರು. ಹಲೋ. ಹಲೋ ಹಲೋ. ತಟ್ಟಿದರು, ಅಲ್ಲಾಡಿಸಿದರು, ಮತ್ತೆ ಹಲೋ. ಸೇವಂತಿಗೆ ಹಾರ ಉದುರಿ ಅವರ ತೊಡೆ ಮೇಲೆ ಬಿತ್ತು.

ನಾನು ಅವರ ರಿಪೋರ್ಟು ಎತ್ತಿ ಜೋರಾಗಿ ಓದಿದೆ. 'ಫೋನು ಉತ್ತಮವಾಗಿ ಕೆಲಸ ಮಾಡುತ್ತಿದೆ.' ಆಮೇಲೆ ಆ ಹುಡುಗಿಯನ್ನು ಕರೆದು ಅವರ ಮುಂದೆ ನಿಲ್ಲಿಸಿದೆ. 'ಸಾರ್, ನಿಮಗೆ ತಪ್ಪಿದ್ದು ಮೀಟಿಂಗು. ಇವಳಿಗೆ ಇಂಥ ಮಳೆಯಲ್ಲಿ ನೋವು ಬಂದರೆ ಹೋಗುವುದು ಜೀವ.'

ಸಾಹೇಬರು ಕೆಟ್ಟವರಲ್ಲ. ಕಾಗದ ಇಸಿದುಕೊಂಡು ಬರೆದದ್ದನ್ನು ಹೊಡೆದುಹಾಕಿದರು. ತಂತಿ ತಕ್ಷಣ ಎಳೆಯಬೇಕು, ಗಾಳಿ ಫೋನಿನ ಕಂಬ ಅಂಗನವಾಡಿ ಪಕ್ಕದಿಂದ ತೆಗೆಯಬೇಕು ಅಂತ ಹೊಸದಾಗಿ ಬರೆದರು. 'ಮುಂದೆ ಇದೇ ಥರದ ತಂತಿಯಲ್ಲಿ ಕಂಪ್ಯೂಟರುಗಳೂ ಮಾತಾಡುತ್ತವಮ್ಮ' ಅಂತಲೂ ಹೇಳಿದರು.

ಅಜ್ಜಿ ಮುಂದೆ ಬಂದು, 'ಅವು ಮಾತಾಡ್ಕಳ್ಳಿ ಸಾ, ನಾವು ಮಾತಾಡಿ ಮುಗುದ್ಮ್ಯಾಲೆ' ಅಂತು.

೬. ತಂತಿ ಬಂತು

ತಂತಿ ಎಲ್ಲರಿಗೂ ಬೇಕು, ಅದರ ಕಂಬ ಮಾತ್ರ ಯಾರ ಹೊಲದಲ್ಲೂ ಬೇಡ. ಅದೊಂದು ರಾಮಾಯಣ. ಕೊನೆಗೆ ಅಜ್ಜಿಯೇ 'ನನ್ ತಿಪ್ಪೇಲಿ ನೆಡ್ರಲಾ' ಅಂದಮೇಲೆ ಉಳಿದವರು ನಾಚಿಕೊಂಡು ಜಾಗ ಬಿಟ್ಟರು. ಹುಡುಗಿಗೆ ದಿನ ತುಂಬಲು ಹತ್ತು ದಿನ ಇದೆ ಅನ್ನುವಾಗ ಮೆಂಬರ ಜಗುಲಿಗೆ ತಂತಿ ಫೋನು ಬಂತು. ಗಾಳಿ ಫೋನಿನ ಕಂಬ ಇಳಿಯಿತು. ಫೋನಿಗೆ ಪೆಟ್ಟಿಗೆ ಇರಬಾರದು, ಬೀಗವೂ ಇರಬಾರದು ಅಂತ ನಾನು ನಿಂತು ನೋಡಿಕೊಂಡೆ.

ಎಂಟನೇ ದಿನ ಮಧ್ಯಾಹ್ನ ಧೋ ಅಂತ ಮಳೆ, ಹುಡುಗಿಗೆ ನೋವು. ಓಡಿ ಹೋಗಿ ಫೋನೆತ್ತಿದೆ. ಗುಂಯ್ ಅಂತ ಶಬ್ದ ಬಂತು ನೋಡಿ, ಅದಕ್ಕಿಂತ ಇಂಪಾದ್ದನ್ನು ನಾನು ಈ ಜನ್ಮದಲ್ಲಿ ಕೇಳಿಲ್ಲ. ಜೀಪು ಬಂತು, ಕೆಸರಿದ್ದ ಕಡೆ ಟ್ರಾಕ್ಟರು ಎಳೆದು ದಾಟಿಸಿತು. ಹುಡುಗಿ ಜೊತೆ ನಾನೂ ಹತ್ತಿದೆ. ಕೆ.ಆರ್.ಪೇಟೆ ಆಸ್ಪತ್ರೆಯಲ್ಲಿ ಹೆಣ್ಣು ಮಗು ಆಯಿತು. ಈ ಸಲವೂ ರಕ್ತ ಹೋಯಿತು, ಆದರೆ ಡಾಕ್ಟರಿದ್ದರು, ಏರಿಸಲು ರಕ್ತದ ಬಾಟಲಿ ಇತ್ತು, ಹುಡುಗಿ ಕಣ್ಣುಬಿಟ್ಟು ನನ್ನ ಕೈ ಹಿಡಿದುಕೊಂಡಳು. ಅವತ್ತು ನಾನು ಅತ್ತಿದ್ದಕ್ಕೆ ನಾಚಿಕೆಯಿಲ್ಲ.

ಮರುದಿನ ಬೆಳಗ್ಗೆ ಸುದ್ದಿ ಹೇಳಲು ಊರಿಗೆ ಬಂದೆ. ಜಗುಲಿ ತುಂಬ ಜನ. ನಾನು ಬಾಯಿ ತೆರೆದು 'ಹೆಣ್ಣು ಮಗು, ಇಬ್ಬರೂ ಚೆನ್ನಾಗಿದ್ದಾರೆ' ಅನ್ನುವುದಕ್ಕೂ ಫೋನು ಟ್ರಿಣ್ ಅನ್ನುವುದಕ್ಕೂ ಸರಿಹೋಯಿತು. ಮೆಂಬರು ತಲೆ ಬಾಚಿಕೊಂಡು ಎತ್ತಿದರು. ಅದೇ ಇಂಜಿನಿಯರ್ ಸಾಹೇಬರು. ಅವರ ದನಿ ಬಾಗಿಲವರೆಗೂ ಸ್ಪಷ್ಟವಾಗಿ ಕೇಳಿಸುತ್ತಿತ್ತು.

'ಏನ್ರೀ ಮೆಂಬರೇ, ಹೊಸ ಫೋನು ಚೆನ್ನಾಗಿ ಕೆಲಸ ಮಾಡುತ್ತಿದೆಯಾ?'

ಮೆಂಬರು ನನ್ನ ಕಡೆ ನೋಡಿ, ಒಂದು ಕೈ ತಮ್ಮ ತಲೆ ಮೇಲಿಟ್ಟುಕೊಂಡು, ದನಿಯೇರಿಸಿ ಹೇಳಿದರು: 'ಇಲ್ಲ ಸಾ! ಕೆಟ್ಟೋಗದೆ ಸಾ! ಒಂದು ಮಾತೂ ಕೇಳ್ಸಲ್ಲ!'

'ಅಲ್ಲಾರೀ, ನಾನು ಮಾತಾಡುತ್ತಿರುವುದು ಕೇಳಿಸುತ್ತಿದೆಯಲ್ಲ?'

'ನೀವು ಮಾತಾಡೋದು ಚೆಂದಾಗ್ ಕೇಳ್ತದೆ ಸಾ. ಫೋನೇ ಕೆಲ್ಸ ಮಾಡಲ್ಲ!'

ನಾನು ಹಾರಿ ರಿಸೀವರ್ ಕಿತ್ತುಕೊಳ್ಳಲು ಹೋದೆ. ಮೆಂಬರು ಅದರ ಬಾಯಿಯನ್ನು ಅಂಗೈಯಲ್ಲಿ ಒತ್ತಿ ಹಿಡಿದು, ನನ್ನ ಕಿವಿಯಲ್ಲಿ ಪಿಸುಗುಟ್ಟಿದರು: 'ಸುಮ್ಕಿರಿ ನರ್ಸಮ್ಮ, ನೀವ್ ಏಳ್ಕೊಟ್ಟಿದ್ದೇ ಸರಿ. ಈ ಸಲ ಇನ್ನೂ ಒಳ್ಳೇದು ಕಳುಸ್ತಾರೆ!'