ಮನೆಗೊಬ್ಬರು ಹೆಚ್ಚಿಗೆ

ಕಂಪ್ಯೂಟರ್ ಮುಂದೆ ಕೂತವನಿಗೆ ಬರೀ ಬೆನ್ನುನೋವು ಬರುತ್ತದೆ ಅಂತ ಜನ ತಿಳಿದಿದ್ದಾರೆ. ನನಗೆ ಬರೋದೇ ಬೇರೆ. ನಗಬೇಕೋ, ತಿರುಗಿ ಹಿಂದೆ ನೋಡಬೇಕೋ ಗೊತ್ತಾಗದಂಥದ್ದು ಆಗಾಗ ಏನಾದರೊಂದು ನಡೆದೇ ತೀರುತ್ತದೆ. ಈ ಸಲದ್ದನ್ನು ಇಲ್ಲಿ ಬರೆದಿದ್ದೇನೆ. ಪುಕ್ಕಲರು ಹಗಲು ಹೊತ್ತು ಓದಿಕೊಳ್ಳಲಿ ಅನ್ನೋಣವೆಂದರೆ, ಇದೆಲ್ಲಾ ನಡೆದದ್ದೂ ಹಗಲಲ್ಲೇ.

ಮಧುಗಿರಿ: ಲೂಪ್ ಇಲ್ಲದ ಸೂತ್ರ

ನಮ್ಮೂರಲ್ಲಿ ಕಂಪ್ಯೂಟರ್ ಮುಟ್ಟಿದ ಮೊದಲ ಗಂಡು ನಾನು. ಎಂಬತ್ತರ ದಶಕ ಮುಗಿಯುತ್ತಾ ಬಂತು, ಎರಡನೆಯವನು ಇನ್ನೂ ಹುಟ್ಟಿಲ್ಲ. ಮಧುಗಿರಿಯ ಒಂದು ಆರೋಗ್ಯ ಸಂಘದಲ್ಲಿ ನನಗೆ ಟೆಂಪರವರಿ ಕೆಲಸ. ನಾಲ್ಕು ತಾಲ್ಲೂಕಿನ ಹಳ್ಳಿಗಳಲ್ಲಿ ಹೊಟ್ಟೆಹುಳದ ಮಾತ್ರೆ ಹಂಚುವುದಿತ್ತು. ತಲೆಗೊಂದು ಮಾತ್ರೆ, ಮಾತ್ರೆಗೊಂದು ಚೀಟಿ. ಸರ್ವೆಯವರು ತಂದುಕೊಟ್ಟದ್ದು ಮನೆಗೊಂದೇ ಸಾಲು: ಯಜಮಾನನ ಹೆಸರು, ಮನೆಯಲ್ಲಿ ಎಷ್ಟು ಜನ. ಐದು ಜನ ಇದ್ದರೆ ಆ ಒಂದು ಸಾಲು ಐದು ಸಲ ಅಚ್ಚಾಗಬೇಕು.

ಬೆಂಗಳೂರಿಂದ ಬಂದಿದ್ದ ಎಂಜಿನಿಯರ್ "ಇದಕ್ಕೆ ಲೂಪ್ ಬೇಕು" ಅಂದ. ಅಂದರೆ ಒಂದು ಮನೆ ಹಿಡಿ, ಅಚ್ಚು ಹಾಕು, ಮುಗಿಯಿತಾ ನೋಡು, ಮುಗಿದಿಲ್ಲ, ಮತ್ತೆ ಹಾಕು, ಗಾಣದೆತ್ತಿನ ಕೆಲಸ. ನಾನು ಅಂದೆ, "ಸಾರ್, ಎಸ್‌ಕ್ಯುಎಲ್ ಅನ್ನೋ ಈ ಕಂಪ್ಯೂಟರ್ ಭಾಷೆಗೆ ಸುತ್ತು ಹೊಡಿ ಅಂತ ಹೇಳಬಾರದು. ನಮಗೆ ಏನು ಬೇಕು ಅಂತ ಹೇಳಬೇಕು." ಸೊನ್ನೆಯಿಂದ ಒಂಬತ್ತರವರೆಗಿನ ಅಂಕಿಗಳದ್ದೊಂದು ಪುಟ್ಟ ಟೇಬಲ್, ಅಂದರೆ ಪಟ್ಟಿ, ಮಾಡಿದೆ. ಅದನ್ನು ಅದರ ಜೊತೆಗೇ ಜೋಡಿಸಿದೆ, ಒಂದು ಹತ್ತರ ಸ್ಥಾನಕ್ಕೆ, ಇನ್ನೊಂದು ಬಿಡಿ ಸ್ಥಾನಕ್ಕೆ. ತೊಂಬತ್ತೊಂಬತ್ತರವರೆಗೆ ಸಂಖ್ಯೆಗಳು ತಾವಾಗೇ ಹುಟ್ಟಿಕೊಂಡವು. ಆಮೇಲೆ ಮನೆಗಳ ಟೇಬಲ್ಲನ್ನು ಇವುಗಳ ಪಕ್ಕ ನಿಲ್ಲಿಸಿ, ಜನರ ಸಂಖ್ಯೆಯನ್ನು ದಾಟದ ಪ್ರತಿ ಸಂಖ್ಯೆಗೂ ಒಂದು ಸಾಲು ಕೊಡು ಅಂದೆ. ಒಂದೇ ವಾಕ್ಯ. ಪ್ರಿಂಟರ್ ಕಿರ್ರೆಂದು ಶುರುವಾಯಿತು. ಎಂಜಿನಿಯರ್ ಬಾಯಿ ಮುಚ್ಚಿಕೊಂಡು ಬಸ್ ಹತ್ತಿದ.

ಚೀಟಿಗಳೆಲ್ಲ ಅಚ್ಚಾದ ಮೇಲೆ ಗೊತ್ತಾಯಿತು, ಪ್ರತಿ ಮನೆಗೂ ಒಂದು ಚೀಟಿ ಹೆಚ್ಚಿಗೆ ಬಂದಿದೆ. ಐದು ಜನರ ಮನೆಗೆ ಸೊನ್ನೆ, ಒಂದು, ಎರಡು, ಮೂರು, ನಾಲ್ಕು, ಐದು, ಒಟ್ಟು ಆರು. ಸಂಘದ ಸಾಹೇಬರಿಗೆ ಇದು ಗೊತ್ತಿಲ್ಲ. ಅವರು ಒಟ್ಟು ಚೀಟಿಗಳ ಲೆಕ್ಕವನ್ನು ಆಗಲೇ ಮೇಲಕ್ಕೆ ಕಳಿಸಿಬಿಟ್ಟಿದ್ದರು. "ಎಲ್ಲಾ ಚೀಟಿಗೂ ಹೆಬ್ಬೆಟ್ಟು ಒತ್ತಿಸಿಕೊಂಡು ಬಾ, ನಿನ್ನನ್ನು ಖಾಯಂ ಮಾಡ್ತೀನಿ. ಒಂದೇ ಒಂದು ಖಾಲಿ ಬಂದರೂ ಊರಿಗೆ ಹೋಗಿ ಕುರಿ ಕಾಯಿ" ಅಂದರು. ನಮ್ಮವ್ವ, ಮಗನ ಕೆಲಸ ಖಾಯಂ ಆಯ್ತು ಅಂತ ಆಗಲೇ ಊರೆಲ್ಲ ಸಾರಿಕೊಂಡು ಬಂದಿದ್ದಳು. ಹೀಗಾಗಿ ಇಲ್ಲದ ಜನರ ಹೆಬ್ಬೆಟ್ಟು ಹುಡುಕಿಕೊಂಡು ನಾನು ಊರೂರು ಅಲೆಯಬೇಕಾಯಿತು. ತಪ್ಪು ನಂದೇ ಅನ್ನುವವರಿಗೆ ಒಂದು ಮಾತು: ಸೊನ್ನೆಯನ್ನು ಕಂಡುಹಿಡಿದವನು ನಾನಲ್ಲ.

ಕೊರಟಗೆರೆ: ಮಡಿಸದ ಕಂಬಳಿ

ಮೊದಲ ಮನೆ ಕೊರಟಗೆರೆ ಕಡೆಯದು. ಐದು ಜನ, ಆರು ಚೀಟಿ. ಐವರೂ ಹೆಬ್ಬೆಟ್ಟೊತ್ತಿ ಮಾತ್ರೆ ನುಂಗಿದರು. ಆರನೆಯ ಚೀಟಿ ಹಿಡಿದು "ಇದು ಯಾರದ್ದು?" ಅಂದೆ. ಯಾರದ್ದೂ ಅಲ್ಲ ಅಂತಾರೆ, ಏನಾದರೊಂದು ಹೇಳಿ ಒತ್ತಿಸಿಕೊಳ್ಳೋಣ ಅಂತ ನಾನು ಸಿದ್ಧನಾಗಿದ್ದರೆ, ಯಜಮಾನ ಒಂಚೂರೂ ಯೋಚಿಸದೆ "ನಮ್ಮವ್ವಂದು" ಅಂದ.

"ಎಲ್ಲವ್ರೆ ಅವ್ವ?"

"ಹೋದ ವರ್ಷ ತೀರ್ಕಂಡ್ರು."

ಅವನ ಹೆಂಡತಿ ಬಾಗಿಲ ಪಕ್ಕದ ಕಂಬಳಿ ತೋರಿಸಿದಳು. ಅತ್ತೆ ಹೋದಾಗಿನಿಂದ ಅದನ್ನು ಯಾರೂ ಮಡಿಸಿಲ್ಲವಂತೆ. ದಿನಾ ಕೊಡವಿ ಹಾಸಿದರೂ ಮಧ್ಯಾಹ್ನದ ಹೊತ್ತಿಗೆ ಯಾರೋ ಕೂತೆದ್ದ ಹಾಗೆ ನಡುವೆ ತಗ್ಗಾಗುತ್ತದಂತೆ. ನಾನು ಬಗ್ಗಿ ನೋಡಿದೆ. ತಗ್ಗಿತ್ತು.

ಯಜಮಾನ ಚೀಟಿಯನ್ನೂ ಮಾತ್ರೆಯನ್ನೂ ಕಂಬಳಿ ಮೇಲಿಟ್ಟು ಕೈ ಕಟ್ಟಿ ನಿಂತ. ಎಲ್ಲರೂ ನಿಂತರು. ಅಂಗಳದ ಕೋಳಿ ಕೂಡ ಕೆದಕುವುದನ್ನು ನಿಲ್ಲಿಸಿತು. ಎಷ್ಟು ಹೊತ್ತು ಕಾದರೂ ಏನೂ ಆಗಲಿಲ್ಲ. ಕೊನೆಗೆ ಸೊಸೆಯೇ ಚೀಟಿ ಎತ್ತಿ, ತನ್ನ ಹೆಬ್ಬೆಟ್ಟೊತ್ತಿ ನನ್ನ ಕೈಗೆ ಕೊಟ್ಟಳು.

"ಬದುಕಿದ್ದಾಗ್ಲೂ ಇಂಗೇ ಕಣಣ್ಣ. ಅತ್ತೆ ಕೆಲ್ಸನೆಲ್ಲ ನಾನೇ ಮಾಡ್ತಿದ್ದಿದ್ದು."

ಶಿರಾ: ರೊಟ್ಟಿ ತಿಂದವರು

ಶಿರಾದಲ್ಲಿ ಸೈಕಲ್ ರಿಪೇರಿ ಮಾಡುವ ಒಬ್ಬ ಚಾಚಾ. ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ, ಚೀಟಿ ಮೂರು. ಮೂರನೆಯದನ್ನು ಕಂಡದ್ದೇ ಚಾಚಾ ಕಣ್ಣೊರೆಸಿಕೊಂಡರು. "ಕೊನೆಗೂ ಸಾಕ್ಷಿ ಸಿಕ್ತು ಬೇಟಾ."

ಆ ಮನೆಯಲ್ಲಿ ಮುಚ್ಚಿಟ್ಟ ರೊಟ್ಟಿ ಮಾಯವಾಗುವುದು ಯಾವ ಕಾಲದಿಂದಲೋ ನಡೆದಿತ್ತು. ಚಾಚಿಗೆ ಚಾಚಾ ಮೇಲೆ ಅನುಮಾನ.

"ಕೇಳಿದೆಯಾ ಬೀಬಿ," ಚಾಚಾ ಒಳಗೆ ಕೂಗಿ ಹೇಳಿದರು, "ಕಂಪ್ಯೂಟರೇ ಹೇಳ್ತಾ ಇದೆ, ಮನೇಲಿ ಇನ್ನೊಬ್ರು ಅವ್ರೆ. ತಿಂದಿದ್ದು ನಾನಲ್ಲ."

ಪರದೆಯ ಆಚೆಯಿಂದ ಚಹಾ ಬಂತು. ಮೂರು ಲೋಟ. ಒಂದು ನನಗೆ, ಒಂದು ಚಾಚಾಗೆ, ಇನ್ನೊಂದನ್ನು ಚಾಚಾ ಬಹಳ ಮರ್ಯಾದೆಯಿಂದ ಗೋಡೆಯ ಕಡೆಗೆ ಇಟ್ಟರು. ಪಕ್ಕದಲ್ಲೇ ಮೂರನೆಯ ಚೀಟಿ. ನಾವಿಬ್ಬರೂ ಮಾತಾಡುತ್ತಾ ಕುಡಿದೆವು. ಏಳುವಾಗ ನೋಡಿದರೆ ಗೋಡೆ ಪಕ್ಕದ ಲೋಟ ಖಾಲಿ. ಚೀಟಿಯ ಮೇಲೆ ಹೆಬ್ಬೆಟ್ಟು ಬಿದ್ದಿತ್ತು. ಚಾಚಾ ಚಾಚಿಯದು ಅಂದರು. ಚಾಚಿ ಚಾಚಾರದು ಅಂದರು. ನನ್ನ ಕತ್ತಿನ ಹಿಂದೆ ತಣ್ಣಗೆ ಏನೋ ಹರಿದ ಹಾಗಾಯಿತು; ಶಿರಾದ ಬಿಸಿಲಲ್ಲಿ ತಣ್ಣಗಾಗುವುದು ಸುಲಭವಲ್ಲ.

ಹೊರಡುವಾಗ ಚಾಚಿ ಪರದೆಯ ಹಿಂದಿನಿಂದಲೇ ಹೇಳಿದರು, "ಬೇಟಾ, ಆ ಮೂರನೇವ್ರಿಗೆ ಎರಡು ಮಾತ್ರೆ ಕೊಡು. ಅಷ್ಟೊಂದು ರೊಟ್ಟಿ ತಿನ್ನೋರ ಹೊಟ್ಟೇಲಿ ಹುಳ ಕಮ್ಮಿ ಇರಲ್ಲ. ನಿಮ್ಮ ಚಾಚಾ ಬಾಯಿಗೆ ಹಾಕಿದ್ರೆ ಸಾಕು, ತಲುಪುತ್ತೆ."

ತಾವರೆಕೆರೆ ಆಚೆಯ ಹಟ್ಟಿ

ಇಲ್ಲಿ ಕುರಿ ಸಾಕುವ ಒಬ್ಬ ತಾತನ ಮನೆ. ಸರ್ವೆ ಪ್ರಕಾರ ಏಳು ಜನ, ಹಾಗಾಗಿ ಎಂಟು ಚೀಟಿ. ಎಂಟು ಜನ ಸಾಲಾಗಿ ಬಂದು ಒತ್ತಿದರು, ನುಂಗಿದರು, ಹೋದರು. ಚೀಟಿ ಉಳಿಯಲೇ ಇಲ್ಲ.

ತಾತ ನನ್ನನ್ನೇ ದಿಟ್ಟಿಸುತ್ತಿದ್ದ. "ಮಕ್ಕಳು ಮರೀನ ಪೂರ್ತಿ ಎಣಿಸಿ ಹೇಳಬಾರ್ದು ಕಣ್ಲಾ, ಒಂದು ಹೋಗ್ಬುಡ್ತದೆ. ಅದ್ಕೇ ಸರ್ವೆಯೋನಿಗೆ ಒಂದು ಕಮ್ಮಿ ಹೇಳಿದ್ದೆ. ನನ್ ಬಾಯಿಂದ ಆಚೆಗೇ ಬರ್ದಿದ್ದು ನಿನ್ ಮಿಷನ್ನಿಗೆ ಹೆಂಗ್ಲಾ ಗೊತ್ತಾಯ್ತು?"

ಬೇರೆ ಯಾರಾದರೂ ಆಗಿದ್ದರೆ ನಿಜ ಹೇಳಿ ಮರ್ಯಾದೆ ಕಳೆದುಕೊಳ್ಳುತ್ತಿದ್ದರು. ನಾನು ಮುಖ ಬಿಗಿದುಕೊಂಡು "ಅದಕ್ಕೆ ಎಲ್ಲಾ ಕಾಣ್ತದೆ ತಾತ" ಅಂದೆ.

ಹೆಂಗಸರು ಮಕ್ಕಳನ್ನು ಸೆರಗಿನೊಳಗೆ ಎಳೆದುಕೊಂಡರು. ನಾಯಿಯೊಂದು ನನ್ನ ಕೈಲಿದ್ದ ಚೀಟಿಗಳ ಕಡೆ ನೋಡಿ ಹಿಂದಕ್ಕೆ ಸರಿಯಿತು. ತಾತ ಮೆಲ್ಲಗೆ ಬಂದು ನನ್ನ ಕಿವಿಗೆ ಬಾಯಿ ಹಚ್ಚಿದ. "ಅಂಗಾದ್ರೆ ಒಂದು ಕೇಳ್ಬುಡು. ನಮ್ದೊಂದು ಟಗರು ಕಾಣ್ತಿಲ್ಲ. ಯಾರ ಮನೇಲಿ ಸಾರಾಯ್ತು ಅಂತ ಹೇಳ್ಲಿ."

ತಾತನ ಗುಟ್ಟು ಹಟ್ಟಿಗೆಲ್ಲ ಕೇಳಿಸುವಷ್ಟು ಜೋರಾಗಿತ್ತು. ಗುಂಪಿನಲ್ಲಿದ್ದ ಒಬ್ಬ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಮನೆ ಕಡೆ ಹೊರಟ.

ಪಾವಗಡ: ಬೀಗದ ಮನೆ

ಕೊನೆಗೆ ಒಂದೇ ಚೀಟಿ ಉಳಿಯಿತು. ಆಂಧ್ರದ ಗಡಿಗೆ ಅಂಟಿದ ಒಂದು ಹಳ್ಳಿಯ ಮನೆಯದು. ಸರ್ವೆಯಲ್ಲಿ ಜನ ಸೊನ್ನೆ ಅಂತಲೇ ಇತ್ತು. ಆದರೂ ಚೀಟಿ ಬಂದಿದೆ, ಯಾಕೆಂದರೆ ಸೊನ್ನೆ ಸೊನ್ನೆಯನ್ನು ದಾಟುವುದಿಲ್ಲ.

ಮಟಮಟ ಮಧ್ಯಾಹ್ನ. ಬಾಗಿಲಿಗೆ ತುಕ್ಕು ಹಿಡಿದ ಬೀಗ, ಬೀಗಕ್ಕೆ ಜೇಡರ ಬಲೆ. ಎದುರುಮನೆ ಜಗಲಿಯಲ್ಲಿ ಅಜ್ಜಿಯೊಬ್ಬಳು ಕಡಲೆಕಾಯಿ ಬಿಡಿಸುತ್ತಿದ್ದಳು. "ಇಲ್ಲಿ ಯಾರವ್ರೆ ಅಜ್ಜಿ?" ಅಂತ ಚೀಟಿ ತೋರಿಸಿದೆ.

"ಎವರೂ ಲೇರು ನಾಯನಾ. ಯಾರೂ ಇಲ್ಲ, ಶಾನೆ ವರ್ಷ ಆತು." ಆಮೇಲೆ ತಲೆ ಎತ್ತದೆಯೇ, "ಆಯಪ್ಪ ಒಬ್ಬ ಅವ್ನೆ."

"ಯಾವಪ್ಪ?"

"ತೆಲೀದು, ಗೊತ್ತಿಲ್ಲ. ಚೀಟಿ ಸಂದೀಲಿ ತಳ್ಳು, ತಗಂತಾನೆ."

ಹೆದರಿಕೆ ಅನ್ನೋದು ನಮ್ಮ ವಂಶದಲ್ಲೇ ಇಲ್ಲ. ಅಜ್ಜಿ ನೋಡಲಿ ಅಂತ ಬಾಗಿಲ ಕೆಳಗಿನ ಸಂದಿಯಲ್ಲಿ ಚೀಟಿ ತಳ್ಳಿದೆ. ಮಾತ್ರೆ ತಳ್ಳಿದೆ. ಹೆಬ್ಬೆಟ್ಟೊತ್ತೋಕೆ ಬೇಕಲ್ಲ ಅಂತ ಇಂಕ್ ಪ್ಯಾಡನ್ನೂ ತಳ್ಳಿದೆ.

ಒಳಗೆ ನೆಲದ ಮೇಲೆ ಏನೋ ಸರಿದ ಸದ್ದಾಯಿತು. ಇಲಿ ಅಂದುಕೊಂಡೆ. ಆಮೇಲೆ ಒಂದು ಕೆಮ್ಮು. ಇಲಿಗೂ ಕೆಮ್ಮು ಬರುತ್ತೇನೋ ಅಂದುಕೊಂಡೆ. ಆಮೇಲೆ ಬಾಗಿಲ ಬುಡದಿಂದ, ಬಹಳ ಕಾಲ ಮಾತಾಡದ ಗಂಟಲಿನ ದನಿ ಬಂತು:

"ಊಟಕ್ ಮುಂಚೇನಾ, ಆಮ್ಯಾಕಾ?"

"ಆಮ್ಯಾಕೆ" ಅಂದೆ. ಅಂದವನು ನಾನೇ ಇರಬೇಕು, ಬಾಗಿಲ ಈಚೆ ಬೇರೆ ಗಂಡಸರು ಯಾರೂ ಇರಲಿಲ್ಲ.

ಚೀಟಿ ಮೆಲ್ಲಗೆ ಹೊರಗೆ ಬಂತು. ಶಾಯಿ ಇನ್ನೂ ಹಸಿ. ಹೆಬ್ಬೆಟ್ಟಿನಲ್ಲಿ ಒಂದು ಗೆರೆಯೂ ಇಲ್ಲ, ಹೊಳೆಯ ಕಲ್ಲಿನ ಹಾಗೆ ನುಣ್ಣಗಿತ್ತು. ನಾನು ಓಡಿದೆ ಅಂತ ಅಜ್ಜಿ ಊರವರಿಗೆಲ್ಲ ಹೇಳಿದ್ದಾಳಂತೆ. ಶುದ್ಧ ಸುಳ್ಳು. ಬಸ್ಸಿಗೆ ಹೊತ್ತಾಗಿತ್ತು. ಆ ಊರಿಗೆ ಬಸ್ಸೇ ಇಲ್ಲ ಅನ್ನೋದು ಬೇರೆ ವಿಷಯ.

ಮಧುಗಿರಿಯಲ್ಲಿ ಸಾಹೇಬರು ಚೀಟಿಗಳನ್ನೆಲ್ಲ ತಾಳೆ ನೋಡಿ "ಭೇಷ್, ಒಂದೂ ಖಾಲಿ ಇಲ್ಲ" ಅಂದರು. ಖಾಯಂ ಆದೇಶ ಟೈಪಾಗಿ ಮೇಜಿನ ಮೇಲಿತ್ತು. ಪೆನ್ನಿನ ಮುಚ್ಚಳ ತೆಗೆದು ಸಹಿಗೆ ಬಗ್ಗಿದವರು ತಲೆ ಎತ್ತಿದರು. "ಇಂಕ್ ಪ್ಯಾಡ್ ಎಲ್ಲಯ್ಯಾ?"

"ಪಾವಗಡದ ಕಡೆ ಒಂದು ಮನೇಲಿ ಉಳ್ಕೊಂತು ಸಾರ್. ಹೊಸದು ನಾನೇ ತಂದುಕೊಡ್ತೀನಿ."

"ಹೊಸದು ಯಾಕೆ? ಅದು ಸಂಘದ ಆಸ್ತಿ. ಮನೇಲಿ ಜನ ಇದ್ದಾರಲ್ಲ, ಹೆಬ್ಬೆಟ್ಟೇ ಒತ್ತಿದ್ದಾರೆ. ಹೋಗಿ ಬಾಗಿಲು ತಟ್ಟಿ ಇಸ್ಕೊಂಡು ಬಾ. ನೀನು ಬಂದ ತಕ್ಷಣ ಸಹಿ."

ಪೆನ್ನಿಗೆ ಮುಚ್ಚಳ ಹಾಕಿದರು. ಆದೇಶ ಈಗಲೂ ಅವರ ಡ್ರಾಯರಿನಲ್ಲಿದೆ, ನಾನು ಈಗಲೂ ಟೆಂಪರವರಿ. ಹೆದರಿಕೆ ಅಂತಲ್ಲ, ಪಾವಗಡದ ಕಡೆ ಬಿಸಿಲು ಜಾಸ್ತಿ.