ಉಟ್ಟಿದ್ದ ತಾಲ್ಲೂಕು

ಸ್ವಲ್ಪ ಹತ್ತಿರ ಬರ್ರಿ. ಇನ್ನೂ ಹತ್ತಿರ. ಆ ಬಾಗಿಲು ಮುಂದಕ್ಕೆ ಮಾಡ್ರಿ. ಮರುಳಸಿದ್ದಮ್ಮನ ಮನೆಗೂ ನಮ್ಮ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಅದೂ ನಾನು ಕಿವಿ ಹಚ್ಚಿ ಹಚ್ಚಿ ನನ್ನ ಕಡೆಯಿಂದ ತೆಳ್ಳಗಾಗಿದೆ. ಈಗ ಹೇಳುವ ಮಾತು ನಿಮ್ಮ ಹೊಟ್ಟೆಯಲ್ಲೇ ಇರಬೇಕು. ನಾನು ಯಾರಿಗೂ ಹೇಳಿಲ್ಲ. ಹೇಳಿದ್ದರೂ ಒಂದು ಆರು ಜನಕ್ಕೆ ಹೇಳಿರಬಹುದು, ಅವರಿಂದಲೂ ಹೀಗೇ ಆಣೆ ಹಾಕಿಸಿಕೊಂಡಿದ್ದೇನೆ.

ವಿಷಯ ಏನೆಂದರೆ, ಈ ವರ್ಷದ ಐದು ತಾಲ್ಲೂಕುಗಳ ಕಬಡ್ಡಿ ಪಂದ್ಯಾವಳಿಯ ಫೈನಲ್ ಪಂದ್ಯವು ಕೊಟ್ಟೂರು ಮತ್ತು ಕೂಡ್ಲಿಗಿ ತಾಲ್ಲೂಕುಗಳ ನಡುವೆ ನಡೆದು, ಅದರಲ್ಲಿ ಹರಪನಹಳ್ಳಿ ತಾಲ್ಲೂಕು ಗೆದ್ದಿರುತ್ತದೆ. ಇದರಲ್ಲಿ ಯಾವುದೇ ಮೋಸ ನಡೆದಿರುವುದಿಲ್ಲ. ಎಲ್ಲವೂ ನಿಯಮದ ಪ್ರಕಾರವೇ ನಡೆದಿರುತ್ತದೆ.

ನಾನು ಓದಿದ್ದು ಎರಡನೇ ಕ್ಲಾಸು. ಈ "ಇರುತ್ತದೆ, ಇರುವುದಿಲ್ಲ" ಎಲ್ಲಾ ನನಗೆ ರೇಷನ್ ಅಂಗಡಿಯ ಬೋರ್ಡು ಓದಿ ಬಂದದ್ದು. ಅಲ್ಲಿ ಸಕ್ಕರೆ ಇರುವುದಿಲ್ಲ, ಬೋರ್ಡು ಇರುತ್ತದೆ.

ನಮ್ಮ ಕೊಟ್ಟೂರು ಮೊದಲು ಕೂಡ್ಲಿಗಿ ತಾಲ್ಲೂಕಿನೊಳಗೇ ಇತ್ತು. ಬೇರೆ ತಾಲ್ಲೂಕಾಗಿ ಇನ್ನೂ ಹತ್ತು ವರ್ಷ ತುಂಬಿಲ್ಲ. ಅಣ್ಣತಮ್ಮಂದಿರು ಬೇರೆಯಾಗುವಾಗ ಕೊಪ್ಪರಿಗೆಗೆ ಜಗಳ ಬೀಳುತ್ತದಲ್ಲ, ಹಾಗೆ ಇಲ್ಲಿ ಜಗಳ ಬಿದ್ದದ್ದು ಬೀರಲಿಂಗೇಶನಿಗೆ. ಬೀರಲಿಂಗೇಶ ಅಂದರೆ ಇದೇ ಮರುಳಸಿದ್ದಮ್ಮನ ಮಗ. ಕುರಿ ಸಾಕುವ ಮನೆಯವನು, ಓಡುವ ಟಗರಿನ ಕಾಲು ಹಿಡಿದು ಬೆಳೆದವನು, ಎದುರಿನ ಏಳು ಜನರನ್ನು ಮುಟ್ಟಿ ಬಂದರೂ ಉಸಿರು ಉಳಿದಿರುತ್ತದೆ. ನಾಲ್ಕು ವರ್ಷ ಕೂಡ್ಲಿಗಿಗೆ ಆಡಿ ಕಪ್ಪು ತಂದುಕೊಟ್ಟ. ಕೊಟ್ಟೂರಿನದೇ ತಂಡ ಆದಮೇಲೆ ಮನೆಗೆ ಬಂದ. ಕೂಡ್ಲಿಗಿಯವರಿಗೆ ಅಂದಿನಿಂದ ಅನ್ನ ಇಳಿಯುತ್ತಿಲ್ಲ.

ಹೋದ ವರ್ಷದ ಫೈನಲ್ಲಿನಲ್ಲಿ ಕೊಟ್ಟೂರು ಕೂಡ್ಲಿಗಿಗೆ ಒಂದೇ ಒಂದು ಪಾಯಿಂಟಿನಿಂದ ಸೋತಿತು. ಮರುದಿನ ಕೂಡ್ಲಿಗಿ ತಂಡದ ಮ್ಯಾನೇಜರ್ ಗವಿಸಿದ್ದೇಶ ಒಂದು ಗೂಡ್ಸ್ ಆಟೋದಲ್ಲಿ ಡೊಳ್ಳು ಬಾರಿಸಿಕೊಂಡು ಬಂದು, ಮರುಳಸಿದ್ದಮ್ಮನ ಬಾಗಿಲಿಗೆ ಒಂದು ಕಟ್ಟಿಗೆಯ ತೊಟ್ಟಿಲು ಇಳಿಸಿ ಹೋದ. ಅದರ ಮೇಲೆ ಬಣ್ಣದಲ್ಲಿ ಬರೆಸಿದ್ದ: "ಕೂಸು ತಾಲ್ಲೂಕಿಗೆ, ಹಡೆದ ತಾಲ್ಲೂಕಿನಿಂದ."

ತೊಟ್ಟಿಲನ್ನು ಒಲೆಗೆ ಹಾಕುವಂತಿಲ್ಲ, ಬೀದಿಗೆ ಎಸೆಯುವಂತಿಲ್ಲ. ಮರುಳಸಿದ್ದಮ್ಮ ಅದರಲ್ಲಿ ಉಳ್ಳಾಗಡ್ಡಿ ತುಂಬಿಟ್ಟಳು. ದಿನಾ ಉಳ್ಳಾಗಡ್ಡಿ ತೆಗೆಯುವಾಗ ಮಗನಿಗೆ ಕೇಳುವಂತೆ ಹೇಳುತ್ತಿದ್ದಳು, "ಕಪ್ಪು ಯಾರರ ಒಯ್ಲಿ, ನನಗ ಬ್ಯಾಡ. ಕೂಡ್ಲಿಗಿ ಸೋತ ದಿನ ಈ ತೊಟ್ಟಿಲ ನಾನ ತಲಿ ಮ್ಯಾಲೆ ಹೊತ್ಗಂಡು ಹೋಗಿ ಅವರ ಬಾಗಿಲ್ದಾಗ ಇಟ್ಟು ಬರ್ತೀನಿ." ಬೀರಲಿಂಗೇಶ ಉಳ್ಳಾಗಡ್ಡಿ ತಿನ್ನುವುದನ್ನೇ ಬಿಟ್ಟ.

ಈ ವರ್ಷ ಗವಿಸಿದ್ದೇಶನಿಗೆ ಭಯ ಹತ್ತಿತು. ಕಬಡ್ಡಿ ಒಕ್ಕೂಟಕ್ಕೆ ಹೋಗಿ ಹೊಸ ನಿಯಮ ಬೇಕೆಂದು ಅರ್ಜಿ ಕೊಟ್ಟ: ಆಟಗಾರ ಹುಟ್ಟಿದ ತಾಲ್ಲೂಕಿಗೇ ಆಡಬೇಕು. ಕೇಳಲಿಕ್ಕೆ ಎಷ್ಟು ನ್ಯಾಯ! ಆದರೆ ಕೊಟ್ಟೂರು ಬೇರೆ ತಾಲ್ಲೂಕಾಗುವ ಮೊದಲು ಇಲ್ಲಿ ಹುಟ್ಟಿದವರೆಲ್ಲ ಲೆಕ್ಕಕ್ಕೆ ಕೂಡ್ಲಿಗಿ ತಾಲ್ಲೂಕಿನಲ್ಲಿ ಹುಟ್ಟಿದವರೇ. ಹೊಸ ಕೊಟ್ಟೂರು ತಾಲ್ಲೂಕಿನಲ್ಲಿ ಹುಟ್ಟಿದವರು ಈಗ ಓದುತ್ತಿರುವುದು ಎರಡನೇ ಕ್ಲಾಸು. ಅಂದರೆ ಓದಿನಲ್ಲಿ ನನ್ನ ಸರೀಕರು, ಕಬಡ್ಡಿಗೆ ಬಾರದವರು.

ಒಕ್ಕೂಟದ ಅಧ್ಯಕ್ಷ ಬೆನಕಪ್ಪ ಹರಪನಹಳ್ಳಿಯ ಮೆಕ್ಕೆಜೋಳದ ವ್ಯಾಪಾರಿ. ಒಳ್ಳೆಯ ಮನುಷ್ಯ, ಬಾಯಲ್ಲಿ "ಹ" ಒಂದು ಬರುವುದಿಲ್ಲ. ತನ್ನ ಊರನ್ನೇ ಅರಪನಳ್ಳಿ ಅನ್ನುತ್ತಾನೆ. ನಿಯಮವನ್ನು ಫೋನಿನಲ್ಲೇ ಹೇಳಿ ಬರೆಸಿದ. ಬರೆದುಕೊಂಡವಳು ಕಂಪ್ಯೂಟರ್ ಅಂಗಡಿಯ ಕ್ರಾಂತಿ, ನಮ್ಮ ತಂಗಿಯ ಮೊಮ್ಮಗಳು. ನನಗೆ ಸುದ್ದಿ ಎಲ್ಲಿಂದ ಅಂತ ಕೇಳಬೇಡಿರಿ. ಅಧ್ಯಕ್ಷರು "ಅರಪನಳ್ಳಿ, ಅಡಗಲಿ" ಅಂದದ್ದನ್ನು ಅವಳು ತಿದ್ದಿದಳು, ಯಾಕೆಂದರೆ ಬಸ್ಸಿನ ಬೋರ್ಡಿನಲ್ಲಿ ದಿನಾ ನೋಡುತ್ತಾಳೆ. ಇನ್ನೊಂದು ಮಾತು ಮಾತ್ರ ತಾನೇ ನೆಟ್ಟಗಿದೆ ಅನ್ನಿಸಿ ಹಾಗೇ ಬಿಟ್ಟಳು. ಐನೂರು ಪ್ರತಿ ಅಚ್ಚಾಗಿ ಬಂತು:

"ನಿಯಮ ೭: ಪ್ರತಿಯೊಬ್ಬ ಆಟಗಾರನು ತಾನು ಉಟ್ಟಿದ್ದ ತಾಲ್ಲೂಕಿನ ಪರವಾಗಿಯೇ ಆಡತಕ್ಕದ್ದು."

ಗವಿಸಿದ್ದೇಶ ಅದನ್ನು ಹಿಡಿದುಕೊಂಡು ಸಭೆಗೆ ಓಡಿ ಬಂದ.

"ಬೆನಕಪ್ಪಾರ, ಇದೇನ್ರಿ ಇದು? ಉಟ್ಟಿದ್ದ ಅಂತ ಐತಲ್ರಿ!"

"ಮತ್ತೆ? ನೀನೇ ಏಳಿದ್ದಲ್ಲ, ಉಟ್ಟಿದ್ದ ತಾಲ್ಲೂಕು ಅಂತ."

"ನಾ ಹೇಳಿದ್ದು ಹುಟ್ಟಿದ್ದರೀ!"

"ನಾನೂ ಅದ್ನೇ ಏಳಿದ್ದು ಮಾರಾಯ. ಉಟ್ಟಿದ್ದ ಅಲ್ಲ, ಉಟ್ಟಿದ್ದ!"

ನಡಾವಳಿ ಪುಸ್ತಕದಲ್ಲಿ ಹೀಗೆ ಬರೆದಿದ್ದಾರೆ: "ಎರಡು ಪದಗಳ ವ್ಯತ್ಯಾಸವನ್ನು ಅಧ್ಯಕ್ಷರು ಸಭೆಗೆ ಎರಡು ಸಲ ಸ್ಪಷ್ಟಪಡಿಸಿದರು. ಸಭೆಗೆ ವ್ಯತ್ಯಾಸ ಕಂಡುಬರಲಿಲ್ಲ. ನಿಯಮವನ್ನು ಇದ್ದಂತೆಯೇ ಅಂಗೀಕರಿಸಲಾಯಿತು." ತಿದ್ದುಪಡಿ ಬೇಕಿದ್ದರೆ ಮಹಾಸಭೆ ಕರೆಯಬೇಕಿತ್ತು. ಮಹಾಸಭೆಯ ನೋಟಿಸನ್ನೂ ಅಧ್ಯಕ್ಷರೇ ಫೋನಿನಲ್ಲಿ ಹೇಳಿ ಬರೆಸಬೇಕಿತ್ತು. ಯಾರಿಗೂ ಧೈರ್ಯ ಬರಲಿಲ್ಲ.

ಕೊಟ್ಟೂರು ಉಳಿಯಿತು. ನಮ್ಮ ಹುಡುಗರು ನಮ್ಮೂರಲ್ಲೇ ಚಡ್ಡಿ ಹಾಕಿಕೊಂಡು ಹೊರಟರೆ ನಮ್ಮವರೇ, ಮತ್ತೇನು ಬೇಕು? ಆದರೆ ಒಕ್ಕೂಟದಲ್ಲಿ ನಿಯಮಗಳಿಗೆ ಅರ್ಥ ಹೇಳುವವರು ಹಡಗಲಿಯ ಗುರುಶಾಂತ ಮೇಷ್ಟ್ರು. ಮೂವತ್ತು ವರ್ಷ ಕನ್ನಡ ಕಲಿಸಿ ರಿಟೈರಾದವರು, ಕಲಿಸುವುದನ್ನು ಇನ್ನೂ ನಿಲ್ಲಿಸಿಲ್ಲ.

"ಸೀರಿ ಉಡ್ತಾರ. ದೋತ್ರ ಉಡ್ತಾರ. ಚಡ್ಡಿ ಉಡ್ತಾರೇನ್ರಿ?" ಅಂತ ಸಭೆಗೆ ಕೇಳಿದರು.

"ಇಲ್ರಿ ಸರ," ಅಂತ ಐದೂ ತಾಲ್ಲೂಕು ಒಟ್ಟಿಗೆ ಅಂದವು. ಐದೂ ಒಪ್ಪಿದ್ದು ಅದೊಂದೇ ಸಲ.

ಆದಕಾರಣ ಒಕ್ಕೂಟ ಇನ್ನೊಂದು ಪ್ರಕಟಣೆ ಹೊರಡಿಸಿತು. ಆಟಗಾರರು ದೋತ್ರ ಉಟ್ಟೇ ಆಡತಕ್ಕದ್ದು. ದೋತ್ರವನ್ನು ಸ್ವಂತ ತಾಲ್ಲೂಕಿನಲ್ಲಿ, ಇಬ್ಬರು ಸಾಕ್ಷಿಗಳ ಎದುರಿಗೆ ಉಡತಕ್ಕದ್ದು. ಒಳಗಿನ ಚಡ್ಡಿಗೆ ಯಾವುದೇ ತಾಲ್ಲೂಕು ಇರುವುದಿಲ್ಲ. ದೋತ್ರ ಬಿಚ್ಚಿದಲ್ಲಿ, ಮತ್ತೆ ಎಲ್ಲಿ ಉಡುವನೋ ಆ ತಾಲ್ಲೂಕಿನವನಾಗತಕ್ಕದ್ದು, ಮತ್ತು ಅವನು ಗಳಿಸಿದ ಅಂಕಗಳೂ ಅವನ ಹಿಂದೆಯೇ ಹೋಗತಕ್ಕದ್ದು.

ಪಂದ್ಯಗಳೆಲ್ಲ ಹರಪನಹಳ್ಳಿಯ ಮೈದಾನದಲ್ಲಿ. ಹಡಗಲಿಯವರು, ಹರಪನಹಳ್ಳಿಯವರು ಮೊದಲ ದಿನವೇ ಕೂಡ್ಲಿಗಿಗೆ ಸೋತು ಮನೆಗೆ ಹೋದರು. ಹಗರಿಬೊಮ್ಮನಹಳ್ಳಿಯವರು ಬರುವ ದಾರಿಯಲ್ಲಿ ಕೊಟ್ಟೂರಿನಲ್ಲಿ ಚಹಾಕ್ಕೆ ಇಳಿದರು. ಮೂವರು ಗೋಡೆಯ ಮರೆಗೆ ಹೋಗಿ ದೋತ್ರ ಬಿಚ್ಚಿ ಉಟ್ಟು ಬಂದರು, ಬರುವಾಗ ಕೊಟ್ಟೂರಿನವರಾಗಿದ್ದರು. ನಮ್ಮವರು ಅವರಿಗೆ ಮಿರ್ಚಿ ಮಂಡಕ್ಕಿ ಕೊಟ್ಟು, ಕಡೆಯ ಬೆಂಚಿನಲ್ಲಿ ಕೂರಿಸಿ, ಉಳಿದ ನಾಲ್ವರನ್ನು ಸೋಲಿಸಿದರು. ಹೀಗೆ ಮತ್ತೆ ಕೊಟ್ಟೂರು, ಮತ್ತೆ ಕೂಡ್ಲಿಗಿ.

ಈಗ ಗುಟ್ಟಿನ ಮಾತು. ಇನ್ನೊಂದಿಷ್ಟು ಹತ್ತಿರ ಬರ್ರಿ.

ಫೈನಲ್ ದಿನ ಮುಂಜಾನೆ ಗೋಡೆಯಾಚೆ ಬೀರಲಿಂಗೇಶ "ಯವ್ವಾ! ಯವ್ವಾ!" ಅಂತ ಚೀರುವುದು ಕೇಳಿಸಿತು. ನಾನು ಸಕ್ಕರೆ ಕೇಳುವ ನೆಪದಲ್ಲಿ ಒಳಗೆ ಹೋದೆ. ಮಗನನ್ನು ನಿಲ್ಲಿಸಿಕೊಂಡು ಮರುಳಸಿದ್ದಮ್ಮ ಕಂಬಳಿ ಹೊಲಿಯುವ ದಬ್ಬಣದಿಂದ ಅವನ ದೋತ್ರವನ್ನು ಒಳಗಿನ ಚಡ್ಡಿಗೆ ಸೊಂಟದ ಸುತ್ತ ಹೊಲಿಯುತ್ತಿದ್ದಳು. ಉಣ್ಣೆಯ ದಾರ. ಆನೆ ಕಟ್ಟಿ ಎಳೆದರೂ ಬಿಚ್ಚುವಂತಿರಲಿಲ್ಲ.

ನನ್ನನ್ನು ಕಂಡು ಆಕೆಯ ಮುಖ ಸುಣ್ಣದಂತಾಯಿತು. "ನೀಲಗಂಗತ್ತಿ, ನಿಮ್ಮ ಕಾಲಿಗೆ ಬೀಳ್ತೀನಿ. ಇದು ಹೊರಗ ಬಿದ್ರ ನನ್ನ ಮಗನ ಆಟ ಹೋತು, ತೊಟ್ಟಿಲ ಇಲ್ಲೇ ಉಳೀತು."

"ನನ್ನ ಬಾಯೇನು ಹರದ ಚೀಲ ಏನಬೇ?" ಅಂದೆ. ಅನ್ನುತ್ತಾ ಗೂಟಕ್ಕೆ ಹಾಕಿದ್ದ ಆಕೆಯ ಇಳಕಲ್ ಸೀರೆಯ ಕಡೆ ನೋಡಿದೆ. ಸುಮ್ಮನೆ ನೋಡಿದೆ, ಅಷ್ಟೇ. ಆಕೆ ದಬ್ಬಣ ಕೆಳಗಿಟ್ಟು ಸೀರೆ ಮಡಚಿ ನನ್ನ ಕೈಗೆ ಕೊಟ್ಟಳು.

ಅದನ್ನೇ ಉಟ್ಟು ಬಸ್ಸು ಹತ್ತಿದೆ. ಬಸ್ಸಿನಲ್ಲಿ ಎಂಥ ಗದ್ದಲ ಅಂತೀರಿ! ಹರಪನಹಳ್ಳಿಯಲ್ಲಿ ಇಳಿಯುವಷ್ಟರಲ್ಲಿ ಸೀರೆ ಅರ್ಧ ನನ್ನ ಮೈಮೇಲೆ, ಅರ್ಧ ಕಂಡಕ್ಟರನ ಕಾಲಿನಲ್ಲಿ. ಬಸ್ ಸ್ಟ್ಯಾಂಡಿನ ಹೆಂಗಸರ ಕೋಣೆಯಲ್ಲಿ ಪೂರಾ ಬಿಚ್ಚಿ, ನೆರಿಗೆ ಹಿಡಿದು, ನೆಟ್ಟಗೆ ಉಟ್ಟುಕೊಂಡು ಮೈದಾನಕ್ಕೆ ಹೋದೆ.

ಪಂದ್ಯ ಶುರುವಾಗಿ ಐದು ನಿಮಿಷಕ್ಕೆ ಮೊದಲ ದೋತ್ರ ಬಿಚ್ಚಿತು. ಅಂಪೈರ್ ಸೀಟಿ ಊದಿದ, ಹುಡುಗ ಅಲ್ಲೇ ನಿಂತು ಉಟ್ಟುಕೊಂಡ. ನಿಂತ ನೆಲ ಯಾವುದು? ಹರಪನಹಳ್ಳಿ! ಮೇಜಿನ ಹತ್ತಿರ ಕೂತಿದ್ದ ಗುರುಶಾಂತ ಮೇಷ್ಟ್ರು ಕೂಡ್ಲಿಗಿ ಅಂತ ಇದ್ದದ್ದನ್ನು ಹೊಡೆದು ಹರಪನಹಳ್ಳಿ ಅಂತ ಬರೆದುಕೊಂಡರು. ಆಮೇಲೆ ಮೇಷ್ಟ್ರಿಗೆ ಪೆನ್ನು ಕೆಳಗಿಡಲು ಪುರುಸೊತ್ತಾಗಲಿಲ್ಲ. ಜನ ಯಾರ ಪರ ಕೂಗಬೇಕೆಂದು ತಿಳಿಯದೆ ದೋತ್ರ ನೋಡಿಕೊಂಡು ಕೂಗುತ್ತಿದ್ದರು. ಒಂದೇ ನಿಮಿಷ ಉಳಿದಾಗ ಕೂಡ್ಲಿಗಿಗೆ ಉಳಿದಿದ್ದವನು ಒಬ್ಬನೇ, ಒಂದು ಕೈಯಲ್ಲಿ ದೋತ್ರ, ಇನ್ನೊಂದು ಕೈಯಲ್ಲಿ ಕಬಡ್ಡಿ. ಕೊಟ್ಟೂರಿಗೆ ಉಳಿದಿದ್ದವನು ಬೀರಲಿಂಗೇಶ. ಬಾಕಿ ಹನ್ನೆರಡು ಜನ ಹರಪನಹಳ್ಳಿಯವರು. ಕೊಟ್ಟೂರು ಹದಿನೇಳು, ಕೂಡ್ಲಿಗಿ ಹದಿನಾರು, ಹರಪನಹಳ್ಳಿ ಒಂಬತ್ತು. ನಮ್ಮ ಹದಿನೇಳೂ ಬೀರಲಿಂಗೇಶನವೇ.

ಮರುಳಸಿದ್ದಮ್ಮ ಮುಂದಿನ ಸಾಲಿನಲ್ಲಿ ತಲೆಯ ಮೇಲೆ ಸಿಂಬಿ ಇಟ್ಟುಕೊಂಡೇ ಕೂತಿದ್ದಳು, ತೊಟ್ಟಿಲು ಹೊರಲು ಈಗಲೇ ಹೊರಡುವವಳ ಹಾಗೆ.

ನನ್ನ ಪಕ್ಕದಲ್ಲಿ ಕೂತಿದ್ದ ಹೆಣ್ಣುಮಗಳು ಒಳ್ಳೆಯವಳು. ಕಡಲೆಕಾಯಿ ಕೊಟ್ಟಳು. "ಎಲ್ಲಾರ ದೋತ್ರ ಬಿಚ್ತು, ಈ ಹುಡುಗಂದು ಮಾತ್ರ ಹೆಂಗ ನಿಂತೈತ್ರಿ ಅಜ್ಜಿ?" ಅಂದಳು.

ಕಡಲೆಕಾಯಿ ತಿಂದ ಬಾಯಿ. ಸುಮ್ಮನೆ ಹೇಗಿರುವುದು? "ಯಾರ ಮುಂದೂ ಅನಬ್ಯಾಡಬೇ," ಅಂತ ಮೊದಲು ಆಣೆ ಹಾಕಿಸಿಕೊಂಡೇ ಹೇಳಿದೆ.

ಅವಳು ಗವಿಸಿದ್ದೇಶನ ಹೆಂಡತಿ ಅಂತ ನನಗೇನು ಕನಸು ಬಿದ್ದಿತ್ತೇ?

ಗವಿಸಿದ್ದೇಶ ಆಕ್ಷೇಪಣೆ ಎತ್ತಿದ. ಆಟ ನಿಂತಿತು. ಗುರುಶಾಂತ ಮೇಷ್ಟ್ರು ಕನ್ನಡಕ ಹಾಕಿಕೊಂಡು ಬೀರಲಿಂಗೇಶನ ಸೊಂಟದ ಸುತ್ತ ನೋಡಿ ತೀರ್ಪು ಕೊಟ್ಟರು: "ಸುತ್ತಿದ್ರ ಅದು ಉಟ್ಟದ್ದು. ಹೊಲದ್ರ ಅದು ತೊಟ್ಟದ್ದು. ಹೊಲಿಗಿ ಬಿಚ್ಚಿ ಉಡಬೇಕು."

"ಉಟ್ರ ನಾ ಹರಪನಹಳ್ಳಿಯೋನಾಗ್ತೀನಲ್ರಿ ಸರ!"

"ಅದು ವ್ಯಾಕರಣ ತಮ್ಮಾ. ನನ್ನ ಕೈಯಾಗಿಲ್ಲ."

ಕತ್ತರಿ ತರಿಸಿದರು. ಉಣ್ಣೆಯ ದಾರ ಕಟ್ ಕಟ್ ಅನ್ನುವುದು ಹೆಂಗಸರ ಸಾಲಿನವರೆಗೂ ಕೇಳಿಸಿತು. ಬೀರಲಿಂಗೇಶ ತಲೆ ತಗ್ಗಿಸಿ ದೋತ್ರ ಉಟ್ಟ. ಅವನ ಹಿಂದೆ ಹದಿನೇಳು ಪಾಯಿಂಟೂ ಹೋದವು. ಕೊಟ್ಟೂರು ಸೊನ್ನೆ, ಕೂಡ್ಲಿಗಿ ಹದಿನಾರು, ಹರಪನಹಳ್ಳಿ ಇಪ್ಪತ್ತಾರು. ಉಳಿದ ನಿಮಿಷ ಮುಗಿದು ಅಂಪೈರ್ ಸೀಟಿ ಊದಿದ. ಕುಣಿಯಲು ಕಾಲೆತ್ತಿದ್ದ ಗವಿಸಿದ್ದೇಶ ಬೋರ್ಡು ನೋಡಿ ಕಾಲು ಇಳಿಸಿದ.

ಯಾರೂ ತಕರಾರು ಮಾಡಲಿಲ್ಲ. ನಿಯಮ ನಿಯಮವೇ. ಮನೆಯಲ್ಲಿ ಮಲಗಿದ್ದ ಹರಪನಹಳ್ಳಿಯ ಸೋತ ತಂಡವನ್ನು ಎಬ್ಬಿಸಿ ಕರೆತಂದು ಕಪ್ಪು ಕೊಟ್ಟರು. ಬೆನಕಪ್ಪ ಮೈಕಿನಲ್ಲಿ "ಅರಪನಳ್ಳಿಗೆ ಇದು ಅಬ್ಬದ ದಿನ" ಅಂದ. ಮರುದಿನ ಬಸ್ ಸ್ಟ್ಯಾಂಡಿನ ಎದುರಿಗೆ ಬೀರಲಿಂಗೇಶನ ಫೋಟೋ ಹಾಕಿ ದೊಡ್ಡ ಬ್ಯಾನರು ಕಟ್ಟಿದರು. ಅದನ್ನೂ ಫೋನಿನಲ್ಲೇ ಹೇಳಿ ಬರೆಸಿದ್ದು: "ನಮ್ಮ ತಾಲ್ಲೂಕಿನ ಎಮ್ಮೆಯ ಪುತ್ರ." ಕುರಿ ಸಾಕುವವರ ಮಗ, ಪಾಪ, ಎಮ್ಮೆಗೆ ಹುಟ್ಟಿದವನಾದ. ಅಥವಾ ಉಟ್ಟಿದವನಾದ, ನನಗೂ ಈಗ ತಿಳಿಯುತ್ತಿಲ್ಲ.

ಎರಡನೆಯ ದಿನ ಮುಂಜಾನೆ ಓಣಿಯ ನಳಕ್ಕೆ ನೀರು ಬಂತು. ನಾನು ಕೊಡ ಹಿಡಿದು ಹೋದೆ, ಮೈಮೇಲೆ ಅದೇ ಇಳಕಲ್ ಸೀರೆ. ಚೆನ್ನಾಗಿತ್ತು, ಬಿಚ್ಚಲು ಮನಸ್ಸಾಗಿರಲಿಲ್ಲ. ಮರುಳಸಿದ್ದಮ್ಮ ಬಂದು ನನ್ನ ಕೊಡದ ಮೇಲೆ ಕೈ ಇಟ್ಟಳು.

"ಅತ್ತಿ, ಈ ಸೀರಿ ಕಡೀ ಸಲ ಎಲ್ಲಿ ಉಟ್ಟಿದ್ರಿ?"

ಸುಳ್ಳು ಹೇಳಬಹುದಿತ್ತು. ಆದರೆ ಬಸ್ ಸ್ಟ್ಯಾಂಡಿನ ಕಥೆಯನ್ನು ನಾನೇ ಅಲ್ಲಿದ್ದ ಎಲ್ಲರಿಗೂ ಹೇಳಿಯಾಗಿತ್ತು. "ಹರಪನಹಳ್ಳ್ಯಾಗ," ಅಂದೆ.

"ಹಂಗಾದ್ರ ನೀವು ಹರಪನಹಳ್ಳಿಯೋರು. ಇದು ಕೊಟ್ಟೂರಿನ ನಳ." ಸಾಲಿನಲ್ಲಿದ್ದವರೆಲ್ಲ ಹೌದೌದು ಅಂತ ತಲೆ ಆಡಿಸಿದರು, ಗುರುಶಾಂತ ಮೇಷ್ಟ್ರೇ ತೀರ್ಪು ಕೊಟ್ಟ ಹಾಗೆ. ಮರುಳಸಿದ್ದಮ್ಮ ನನ್ನ ಮುಖಕ್ಕೆ ಮುಖ ಕೊಟ್ಟು ಹೇಳಿದಳು, "ಮನಿಗೆ ಹೋಗಿ ನಿಮ್ಮ ಸೀರಿ ಉಟ್ಟು ಬರ್ರಿ, ನಮ್ಮೋರಾಗ್ತೀರಿ. ಇಬ್ಬರು ಸಾಕ್ಷಿ ಬೇಕು. ಒಬ್ಬಾಕಿ ನಾನ ಬರ್ತೀನಿ. ಇನ್ನೊಬ್ಬರನ್ನ ನೀವ ಹುಡುಕ್ರಿ, ನಿಮ್ಮ ಬಾಯಿಗೆ ಸಿಗಲಾರದೋರು ಈ ಓಣ್ಯಾಗ ಯಾರರ ಉಳದಿದ್ರ. ನನ್ನ ಸೀರಿ ಮಡಚಿ ತಂದು ಕೊಡ್ರಿ. ಹೋಗುವಾಗ ನಮ್ಮ ಬಾಗಿಲ್ದಾಗಿನ ತೊಟ್ಟಿಲ ಒಯ್ರಿ, ಕೂಡ್ಲಿಗಿ ಸೋತಿತಲ್ಲ, ಅಲ್ಲಿಗೆ ಹೊರಾಕಂತ ಉಳ್ಳಾಗಡ್ಡಿ ಎಲ್ಲಾ ತೆಗದಿಟ್ಟಿದ್ದೆ, ಆದ್ರ ಅವರಿಗಿಂತ ನಿಮಗ ಜರೂರ ಐತಿ. ನಿಮ್ಮ ನಾಲಿಗಿನ ಅದ್ರಾಗ ಹಾಕಿ ತೂಗ್ರಿ, ಒಂದು ಘಳಿಗಿ ಆದ್ರೂ ಮಲಗ್ಲಿ."